ಬೆಂಗಳೂರಿಗೆ ನೆಂಟರು ಬಂದರೆ: ಕರಗವೋ, ಪರಿಷೆಯೋ, ರಾಮನವಮಿ ಕಚೇರಿಯೋ?

"ಅಕ್ಕಾ, ಮುಂದಿನ ತಿಂಗಳ ಬೆಂಗಳೂರಿಗೆ ಬರಾಕತ್ತೀವಿ, ಎರಡ ದಿನ ಇರ್ತೀವಿ, ಏನ್ ನೋಡೂದು ಹೇಳು" ಅಂತ ಹುಬ್ಬಳ್ಳಿಯಿಂದ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡುತ್ತಾನೆ. ಅವನೊಬ್ಬನೇ ಅಲ್ಲ, ವರ್ಷಕ್ಕೆ ನಾಲ್ಕೈದು ಮನೆಯವರು ಇದೇ ಪ್ರಶ್ನೆ ಕೇಳುತ್ತಾರೆ. ಮೊದಲೆಲ್ಲ ನಾನೂ ವಿಧಾನಸೌಧ, ಲಾಲ್‌ಬಾಗ್, ಒಂದು ಮಾಲ್ ಅಂತ ಹೇಳಿ ಕಳಿಸುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಮಾಲ್ ಹುಬ್ಬಳ್ಳಿಯಲ್ಲೂ ಇದೆ. ಕಾರ್ತಿಕ ಸೋಮವಾರ ಬಸವನಗುಡಿಯ ರಸ್ತೆಯುದ್ದಕ್ಕೂ ಕಡಲೆಕಾಯಿ ಗುಡ್ಡೆ ಬಿದ್ದಿರುವುದನ್ನು, ಚೈತ್ರದ ಹುಣ್ಣಿಮೆ ರಾತ್ರಿ ಪೇಟೆ ಬೀದಿಗೆ ಮಲ್ಲಿಗೆಯ ಕರಗ ಬರುವುದನ್ನು ನೋಡಬೇಕು ಅಂದರೆ ಇಲ್ಲಿಗೇ ಬರಬೇಕು.

ಆದರೆ ಎಲ್ಲವೂ ಎಲ್ಲರಿಗೂ ಹಿಡಿಸುವುದಿಲ್ಲ. ಅದಕ್ಕೆ ನಾನು ಮೊದಲು ಮೂರು ವಿಷಯ ಕೇಳಿಕೊಳ್ಳುತ್ತೇನೆ. ಯಾವ ತಿಂಗಳು ಬರುತ್ತೀರಿ? ಜೊತೆಗೆ ವಯಸ್ಸಾದವರು, ಸಣ್ಣ ಮಕ್ಕಳು ಇದ್ದಾರಾ? ನಿದ್ದೆ ಕೆಡಬಲ್ಲಿರಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಚೈತ್ರದಲ್ಲಿ ಬರುವವರಿಗೆ

ನನ್ನ ಕೇಳಿದರೆ ಬೆಂಗಳೂರು ನೋಡಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಬಿಸಿಲು ಜಾಸ್ತಿ, ನಿಜ. ಆದರೆ ಈ ಊರಿನ ಎರಡು ದೊಡ್ಡ ಸಂಗತಿಗಳು ಒಂದೇ ವಾರದಲ್ಲಿ ಬರುತ್ತವೆ. ನವಮಿಗೆ ರಾಮನವಮಿ, ಹುಣ್ಣಿಮೆಗೆ ಕರಗ. ನಡುವೆ ಇರುವುದು ಆರೇ ದಿನ.

ಮೊದಲು ಕರಗದ ಮಾತು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ಕಳೆದ ಮೇಲೆ ಹೊರಡುತ್ತದೆ, ಬೆಳಗಿನವರೆಗೂ ಹಳೇ ಪೇಟೆಯ ಬೀದಿಗಳನ್ನು ಸುತ್ತುತ್ತದೆ. ತೋಟ ಮಾಡಿಕೊಂಡು ಹೂವು ತರಕಾರಿ ಬೆಳೆಯುತ್ತಿದ್ದ ತಿಗಳ ಸಮುದಾಯದ ಹಬ್ಬ ಇದು. ಅವರಿಗೆ ದ್ರೌಪದಿ ಆದಿಶಕ್ತಿ. ತಿಮಿರಾಸುರನನ್ನು ಕೊಲ್ಲಲು ಅವಳು ವೀರಕುಮಾರರನ್ನು ಹುಟ್ಟಿಸಿದಳಂತೆ. ಅವಳು ಹೊರಟು ನಿಂತಾಗ ಅವರು ಬಿಡಲಿಲ್ಲ, ವರ್ಷಕ್ಕೊಮ್ಮೆ ಬರುತ್ತೇನೆ ಅಂತ ಮಾತು ಕೊಟ್ಟು ಹೋದಳು. ಹಾಗೆ ಬರುವ ತಾಯಿಯೇ ಕರಗ. ಹೊರುವವರು ಗಂಡಸು, ಉಡುವುದು ಸೀರೆ, ಬಳೆ ಹೂವು ಎಲ್ಲ ಮುತ್ತೈದೆಯ ಹಾಗೆ. ತಲೆಯ ಮೇಲಿನ ಕರಗವನ್ನು ಕೈಯಲ್ಲಿ ಹಿಡಿಯುವುದಿಲ್ಲ. ಸುತ್ತಲೂ ಬಿಚ್ಚುಕತ್ತಿ ಹಿಡಿದ ವೀರಕುಮಾರರು.

ಮೊದಲ ಸಲ ನಾನು ನೋಡಿದ್ದು ಕಬ್ಬನ್‌ಪೇಟೆಯ ಒಂದು ಸಣ್ಣ ಬೀದಿಯಲ್ಲಿ, ಪರಿಚಯದವರ ಮನೆ ಜಗಲಿಯ ಮೇಲೆ ನಿಂತು. ರಾತ್ರಿ ಎರಡೂವರೆ ಗಂಟೆ. ಆ ಹೊತ್ತಿನಲ್ಲಿ ಮನೆಯ ಅಜ್ಜಿ ಬಾಗಿಲಿಗೆ ನೀರು ಹಾಕಿ, ಬೀದಿ ತುಂಬಾ ರಂಗೋಲಿ ಬಿಟ್ಟು, ತಟ್ಟೆಯಲ್ಲಿ ಕರ್ಪೂರ, ಬಿಡಿ ಮಲ್ಲಿಗೆ ಇಟ್ಟುಕೊಂಡು ಕಾಯುತ್ತಿದ್ದರು. ಮೊದಲು ಎಲ್ಲೋ ದೂರದಲ್ಲಿ ತಮಟೆ ಕೇಳಿತು. ಆಮೇಲೆ ಗಂಟೆ. "ಗೋವಿಂದಾ, ಗೋವಿಂದಾ" ಅನ್ನುವ ಕೂಗು ಮೂಲೆ ತಿರುಗುವಷ್ಟರಲ್ಲಿ ಜನ ತಾವಾಗಿಯೇ ಎರಡು ಕಡೆ ಸರಿದರು, ಕತ್ತಿಗಳು ಹೊಳೆದವು, ಬೀದಿಯೆಲ್ಲ ಮಲ್ಲಿಗೆ ವಾಸನೆ ತುಂಬಿತು, ಬಿಳಿ ಹೂವಿನ ಗೋಪುರದ ಹಾಗಿದ್ದ ಕರಗ ನನ್ನಿಂದ ಒಂದು ಮಾರು ದೂರದಲ್ಲಿ ಕುಣಿಯುತ್ತಾ ಹೋಯಿತು. ಅರ್ಧ ನಿಮಿಷ ಇದ್ದಿರಬಹುದು. ಅಜ್ಜಿ ಕೈ ಮುಗಿದುಕೊಂಡೇ ಇದ್ದರು. ಕಾಲ ಕೆಳಗೆ ಬರೀ ಮಲ್ಲಿಗೆ.

ಆ ಅರ್ಧ ನಿಮಿಷಕ್ಕೆ ನಾಲ್ಕು ಗಂಟೆ ಕಾಯಬೇಕು. ಇದನ್ನು ನೆಂಟರಿಗೆ ಮೊದಲೇ ಹೇಳಿಬಿಡಿ. ಯಾವ ಬೀದಿಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಯಾರೂ ಖಡಾಖಂಡಿತ ಹೇಳಲಾರರು. ಒಮ್ಮೆ ಶಿವಮೊಗ್ಗದ ಅತ್ತೆಯನ್ನು ರಾತ್ರಿ ಹತ್ತಕ್ಕೇ ಕರೆದುಕೊಂಡು ಹೋಗಿ ದೇವಸ್ಥಾನದ ಮುಂದೆ ನಿಲ್ಲಿಸಿಬಿಟ್ಟೆ. ಜನಜಂಗುಳಿಗೆ ಅವರಿಗೆ ಉಸಿರು ಕಟ್ಟಿದ ಹಾಗಾಗಿ ಒಂದು ಗಂಟೆಗೇ ವಾಪಸ್ ಬಂದೆವು, ಕರಗ ಕಾಣಲಿಲ್ಲ. ನನಗೆ ಇವತ್ತಿಗೂ ಅದರ ಬೇಜಾರಿದೆ. ಅದಕ್ಕೇ ಹೇಳುವುದು: ದೇವಸ್ಥಾನದ ಹತ್ತಿರ ಬೇಡ. ದಾರಿಯಲ್ಲಿ ಬರುವ ಒಳಬೀದಿ ಯಾವುದಾದರೂ ಆರಿಸಿ, ಸಂಜೆಯೇ ಹೋಗಿ ಅಂಗಡಿಯವರನ್ನು ಮಾತಾಡಿಸಿ. "ನಮ್ ಅಂಗಡಿ ಮೆಟ್ಟಿಲ ಮೇಲೆ ನಿಂತ್ಕೊಳ್ಳಿ ಬನ್ನಿ" ಅನ್ನುವವರು ಈಗಲೂ ಇದ್ದಾರೆ. ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಒಳಗೆ ಹೋಗಿ ಬರುತ್ತದೆ. ಅದನ್ನು ನೋಡಲೇಬೇಕು ಅನ್ನುವವರು ಆ ಕಡೆ ನಿಲ್ಲಬಹುದು, ಆದರೆ ಅಲ್ಲೂ ರಶ್ ವಿಪರೀತ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಹೂವಿನ ಕರಗಕ್ಕೆ ಮೊದಲು ಹಸಿ ಕರಗ ಅಂತ ಆಗುತ್ತದೆ. ಅದಕ್ಕೆ ಸಂಪಂಗಿ ಕೆರೆಗೆ ಹೋಗಬೇಕು. ಆ ಕೆರೆಯ ಜಾಗದಲ್ಲಿ ಈಗ ಇರುವುದು ಕಂಠೀರವ ಸ್ಟೇಡಿಯಂ. ಪಕ್ಕದಲ್ಲಿ ಉಳಿದ ಒಂದು ಸಣ್ಣ ಕೊಳದ ಹತ್ತಿರ ಇವತ್ತಿಗೂ ಪೂಜೆ ನಡೆಯುತ್ತದೆ. ಕೆರೆ ಹೋದರೂ ದಾರಿ ಮರೆತಿಲ್ಲ ಅವರು.

ಇನ್ನು ರಾಮನವಮಿ ಕಚೇರಿ. ಇದು ಕುಳಿತು ಕೇಳುವವರಿಗೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿದ್ದಾರೆ, ಸುಮಾರು ಒಂದು ತಿಂಗಳು ಇರುತ್ತದೆ. ಕರ್ನಾಟಕ ಸಂಗೀತದ ದೊಡ್ಡ ದೊಡ್ಡ ಹೆಸರುಗಳೆಲ್ಲ ಈ ಚಪ್ಪರದಲ್ಲಿ ಹಾಡಿದ್ದಾರೆ. ಏಸಿ ಹಾಲ್‌ನ ಸುಖ ಇಲ್ಲಿ ಸಿಗುವುದಿಲ್ಲ. ಹೊರಗಿನ ಬಸ್ಸಿನ ಹಾರ್ನ್ ಕೇಳುತ್ತದೆ, ಸೊಳ್ಳೆ ಕಚ್ಚುತ್ತದೆ, ಕೆಲವು ಸಲ ಏಪ್ರಿಲ್ ಮಳೆ ಬಂದು ಚಪ್ಪರದ ಮೇಲೆ ಪಟಪಟ ಅನ್ನುತ್ತದೆ. ಆದರೂ ನನಗೆ ಹಾಲ್‌ಗಿಂತ ಇದೇ ಹೆಚ್ಚು ಹಿಡಿಸುತ್ತದೆ. ಪಕ್ಕದಲ್ಲಿ ಕುಳಿತವರು ತೊಡೆಯ ಮೇಲೆ ತಾಳ ಹಾಕುತ್ತಾ, ರಾಗ ಯಾವುದು ಅಂತ ನೀವು ಕೇಳದಿದ್ದರೂ ಹೇಳುತ್ತಾರೆ!

ಸಂಗೀತದ ಗಂಧ ಇಲ್ಲದ ನೆಂಟರನ್ನು ಕರೆದುಕೊಂಡು ಹೋಗುವುದಾದರೆ ಕಚೇರಿಯ ಕೊನೆಯ ಒಂದು ಗಂಟೆಗೆ ಹೋಗಿ. ಮೊದಲ ಭಾಗದ ಆಲಾಪನೆ ಅಭ್ಯಾಸ ಇಲ್ಲದವರಿಗೆ ಉದ್ದ ಅನ್ನಿಸಬಹುದು. ಕೊನೆಗೆ ಮೃದಂಗದ ತನಿ ಆವರ್ತನ ಮುಗಿದ ಮೇಲೆ ದೇವರನಾಮಗಳು ಬರುತ್ತವೆ. ಪುರಂದರದಾಸರ ಪದ ಶುರುವಾದರೆ ಹಾಡು ಬಾರದವರೂ ಬಾಯಿ ಆಡಿಸುತ್ತಾರೆ, ಅಲ್ವಾ? ನವಮಿಯ ದಿನ ಮಾತ್ರ ಬೇಗ ಹೊರಡಿ, ಏಕೆಂದರೆ ಊರಿನ ಬೀದಿ ಬೀದಿಯಲ್ಲೂ ಪಾನಕ, ಕೋಸಂಬರಿ, ನೀರುಮಜ್ಜಿಗೆ ಹಂಚುತ್ತಿರುತ್ತಾರೆ. ಬೆಲ್ಲ, ಏಲಕ್ಕಿ, ಚೂರು ಮೆಣಸು ಬಿದ್ದ ಪಾನಕ ಬಿಸಿಲಲ್ಲಿ ನಡೆದು ಬಂದವರಿಗೆ ಸಿಕ್ಕರೆ ಆ ರುಚಿಯೇ ಬೇರೆ.

ಎರಡರಲ್ಲಿ ಒಂದೇ ಅಂದರೆ? ಮಂಡಿ ನೋವಿನವರು, ಸಣ್ಣ ಮಕ್ಕಳಿರುವವರು ಕಚೇರಿಗೆ. ಗಟ್ಟಿಮುಟ್ಟಾಗಿರುವವರು ಯಾವ ಯೋಚನೆಯೂ ಇಲ್ಲದೆ ಕರಗಕ್ಕೆ. ಹುಣ್ಣಿಮೆಯ ದಿನ ಬಂದರೆ ಎರಡೂ ಆಗುತ್ತದೆ. ಕೋಟೆ ಹೈಸ್ಕೂಲಿನಿಂದ ಕೆ.ಆರ್. ಮಾರ್ಕೆಟ್ ನಡೆದು ಹೋಗುವಷ್ಟು ಹತ್ತಿರ, ಅಲ್ಲಿಂದ ಪೇಟೆ ಬೀದಿಗಳು ಶುರು. ವಾಪಸ್ ಬರಲು ಬೆಳಗಿನ ಮೊದಲ ಮೆಟ್ರೋ ಇದ್ದೇ ಇದೆ.

ಕಾರ್ತಿಕದಲ್ಲಿ ಬರುವವರಿಗೆ

ಮಕ್ಕಳು, ಮುದುಕರು, ಮೂಗು ಮುರಿಯುವ ಭಾವ, ಎಲ್ಲರೂ ಒಟ್ಟಿಗೆ ಬರುತ್ತಾರೆ ಅಂದರೆ ಕಣ್ಣು ಮುಚ್ಚಿ ಕಡಲೆಕಾಯಿ ಪರಿಷೆ ಅನ್ನಿ. ಕಾರ್ತಿಕ ಮಾಸದ ಕೊನೆಯ ಸೋಮವಾರ, ಬಸವನಗುಡಿಯಲ್ಲಿ, ದೊಡ್ಡ ಗಣಪತಿ ಮತ್ತು ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ. ಈಗ ಸೋಮವಾರದ ಆಚೆ ಈಚೆ ಕೆಲವು ದಿನ ಅಂಗಡಿಗಳು ಇರುತ್ತವೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಬಸವ ನುಗ್ಗಿ ತಿನ್ನುತ್ತಿತ್ತಂತೆ. ಅಟ್ಟಿಸಿಕೊಂಡು ಹೋದರೆ ಗುಡ್ಡದ ಮೇಲೆ ಕಲ್ಲಾಗಿ ಕೂತಿತ್ತು. ಮೊದಲ ಬೆಳೆ ನಿನಗೇ ಅಂತ ರೈತರು ಹರಕೆ ಹೊತ್ತರು. ಆ ಹಳ್ಳಿಗಳೆಲ್ಲ ಈಗ ಸಿಟಿಯೊಳಗಿನ ಬಡಾವಣೆಗಳು, ಅಲ್ಲಿ ಕಡಲೆಕಾಯಿ ಬೆಳೆಯುವವರು ಯಾರೂ ಇಲ್ಲ. ಆದರೂ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಾಗಡಿ ಕಡೆಯಿಂದ, ಆಂಧ್ರ ತಮಿಳುನಾಡಿನಿಂದ ಕೂಡ ಮೂಟೆ ಬಂದು ಇಳಿಯುತ್ತವೆ.

ಇಲ್ಲಿ ಕೊಳ್ಳುವುದೇ ಒಂದು ಹಬ್ಬ. ಹಸಿ, ಹುರಿದದ್ದು, ಬೇಯಿಸಿದ್ದು, ಮೂರು ತರಹ. ಸೇರಿನಲ್ಲಿ ಅಳೆಯುತ್ತಾರೆ. ಹೋದ ವರ್ಷ ಚಿಕ್ಕಮ್ಮನ ಜೊತೆ ಹೋಗಿದ್ದಾಗ ಚಿಂತಾಮಣಿ ಕಡೆಯ ಒಬ್ಬ ಹೆಂಗಸಿನ ಹತ್ತಿರ ಎರಡು ಸೇರು ಕೊಂಡೆವು. ಅವರು ಸೇರನ್ನು ಗುಡ್ಡೆಯೊಳಗೆ ಮುಳುಗಿಸಿ ಎತ್ತಿದರು, ಮೇಲೆ ಗೋಪುರ ನಿಲ್ಲುವ ಹಾಗೆ ಎಡಗೈ ಅಡ್ಡ ಇಟ್ಟುಕೊಂಡು ತುಂಬಿದರು, ಚೀಲಕ್ಕೆ ಸುರಿದರು. ಎರಡೂ ಆದ ಮೇಲೆ ಚಿಕ್ಕಮ್ಮ ಚೀಲ ಮುಚ್ಚಲೇ ಇಲ್ಲ. ಹಾಗೇ ಹಿಡಿದುಕೊಂಡು ನಿಂತಳು. ಆ ಹೆಂಗಸು ಅವಳ ಮುಖ ನೋಡಿ ನಕ್ಕು, "ತಗೊಳ್ಳಮ್ಮ, ಕೊಸರು" ಅಂತ ಒಂದು ಬೊಗಸೆ ಎತ್ತಿ ಹಾಕಿದರು. ಕೊಸರು ಕೇಳದೆ ಪರಿಷೆಯಿಂದ ಬರಬೇಡಿ. ಅದು ಲಾಭದ ಲೆಕ್ಕ ಅಲ್ಲ, ಅಲ್ಲಿನ ಮಾತುಕತೆಯೇ ಅದು.

ಜೊತೆಗೆ ಬೆಂಡು ಬತ್ತಾಸು, ಕಲ್ಯಾಣ ಸೇವೆ, ಪುರಿ, ಮಕ್ಕಳಿಗೆ ಪೀಪಿ. ಸಂಗೀತ ಹುಡುಕಿಕೊಂಡು ಬರುವವರಿಗೆ ಮಾತ್ರ ಪರಿಷೆ ಅಲ್ಲ. ಸದ್ದು ಬೇಕಾದಷ್ಟಿದೆ, ಕುಳಿತು ಕೇಳುವಂಥದ್ದು ಕಡಿಮೆ. ಸೋಮವಾರ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಹೋಗಿ, ಇಲ್ಲವೇ ಹಿಂದಿನ ದಿನ ಹೋಗಿ. ಕಾರು ಬೇಡವೇ ಬೇಡ. ನ್ಯಾಷನಲ್ ಕಾಲೇಜು ಮೆಟ್ರೋದಲ್ಲಿ ಇಳಿದು ಗಾಂಧಿ ಬಜಾರ್ ಮೂಲಕ ನಡೆಯಿರಿ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಹತ್ತಿರವೂ ಒಂದು ಪರಿಷೆ ಆಗುತ್ತದೆ. ಚಿಕ್ಕದು, ನೆಮ್ಮದಿಯಾಗಿ ನೋಡಬಹುದು. ಆದರೆ ಮೊದಲ ಸಲ ಬರುವವರಿಗೆ ಬಸವನಗುಡಿಯದ್ದೇ ತೋರಿಸಿ.

ಗಾಂಧಿ ಬಜಾರಿಗೆ ಬಂದ ಮೇಲೆ ದೋಸೆಯ ಮಾತು ಬಂದೇ ಬರುತ್ತದೆ. 1943ರ ವಿದ್ಯಾರ್ಥಿ ಭವನ ಅಲ್ಲೇ ಇದೆ. ದಪ್ಪ, ಕೆಂಪಗೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ನೀರಾದ ಚಟ್ನಿ. ಒಂದೇ ಕೈಯ ಮೇಲೆ ಸಾಲಾಗಿ ತಟ್ಟೆ ಜೋಡಿಸಿಕೊಂಡು ಬರುವುದನ್ನು ನೋಡಲೆಂದೇ ಮಕ್ಕಳು ಕಾಯುತ್ತಾರೆ. ಶುಕ್ರವಾರ ರಜೆ, ನೆನಪಿಡಿ. ಮಲ್ಲೇಶ್ವರದ ಸಿಟಿಆರ್ ದೋಸೆ ಬೆಣ್ಣೆಯದು, ಇನ್ನೂ ಗರಿ, ಇನ್ನೂ ಭಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ದೋಸೆಯೇ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಅಷ್ಟೇ. ಸಾಂಬಾರ್ ಕೇಳಬೇಡಿ, ಚಟ್ನಿ ಮಾತ್ರ, ಆದರೆ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು. ನನ್ನ ಓಟು ಯಾವುದಕ್ಕೆ? ಎಣ್ಣೆ ಬೆಣ್ಣೆಗೆ ಹೆದರುವ ಹಿರಿಯರಿಗೆ ಬ್ರಾಹ್ಮಿನ್ಸ್, ಉಳಿದವರಿಗೆ ವಿದ್ಯಾರ್ಥಿ ಭವನ. ಮಧ್ಯಾಹ್ನದ ಊಟಕ್ಕೆ ಲಾಲ್‌ಬಾಗ್ ರಸ್ತೆಯ ಎಂಟಿಆರ್, 1924ರದ್ದು. ರವೆ ಇಡ್ಲಿ ಹುಟ್ಟಿದ್ದೇ ಅಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ.

ಡಿಸೆಂಬರ್ ಕೊನೆ, ಜನವರಿ

ಇದು ಅವರೆಕಾಯಿ ಕಾಲ. ತಿನ್ನುವುದಕ್ಕೆಂದೇ ಬರುವವರು ಆಗ ಬರಲಿ. ವಿ.ವಿ. ಪುರದ ಸಜ್ಜನ್ ರಾವ್ ಸರ್ಕಲ್ ಹತ್ತಿರದ ತಿಂಡಿ ಬೀದಿಯಲ್ಲಿ ಶುರುವಾದ ಅವರೆಬೇಳೆ ಮೇಳ ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಗಿದೆ. ಅವರೆ ದೋಸೆ, ಅವರೆ ಉಪ್ಪಿಟ್ಟು, ರೊಟ್ಟಿ, ಕೊನೆಗೆ ಅವರೆ ಜಿಲೇಬಿ ಕೂಡ. ಜಿಲೇಬಿ ಒಂದು ಸಲ ತಿಂದರೆ ಸಾಕು. ಹಿತಕಿದಬೇಳೆ ಸಾರು ಸಿಕ್ಕರೆ ಬಿಡಬೇಡಿ.

ಆದರೆ ಮೇಳಕ್ಕಿಂತ ಮನೆ ಮೇಲು ಅಂತ ನಾನು ಹೇಳುವುದು ಇದೊಂದು ವಿಷಯದಲ್ಲಿ. ಸೊಗಡಿನ ಅವರೆ ಎರಡು ಕೆಜಿ ತಂದು ಸಂಜೆ ಎಲ್ಲರೂ ಸುತ್ತ ಕೂತು ಬಿಡಿಸಿ. ಕಾಳು ರಾತ್ರಿ ನೆನೆಹಾಕಿ. ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟಕ್ಕನೆ ಪಾತ್ರೆಗೆ ಹಾರುತ್ತದೆ. ಹುಬ್ಬಳ್ಳಿಯ ತಮ್ಮನ ಮಗಳು ಒಂದು ಗಂಟೆ ಇದನ್ನೇ ಮಾಡುತ್ತಾ ಕೂತಿದ್ದಳು. ಕೈಯಿಂದ ಆ ಸೊಗಡಿನ ವಾಸನೆ ಮರುದಿನವೂ ಹೋಗುವುದಿಲ್ಲ. ಸಾರಿಗೆ ರಾಗಿ ಮುದ್ದೆ. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಮೊದಲೇ ಹೇಳಿಕೊಡಿ.

ಸಂಕ್ರಾಂತಿಗೆ ಇದ್ದರೆ ಎಳ್ಳು ಬೆಲ್ಲ ಬೀರಲು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಸಂಜೆ ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುತ್ತದೆ. ಮೋಡ ಇದ್ದರೆ ಕಾಣುವುದಿಲ್ಲ, ಅಷ್ಟೇ.

ಮಳೆಗಾಲ, ಮಾಂಸದೂಟ, ಮತ್ತೆ ಉಳಿದದ್ದು

ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಮೇಳಗಳು ಊರಲ್ಲಿ ಆಟ ನಿಲ್ಲಿಸಿ ಬೆಂಗಳೂರಿಗೆ ಬರುತ್ತವೆ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ಇಡೀ ರಾತ್ರಿಯ ಆಟ ಸಿಕ್ಕರೆ ಅದೇ ಸಾಕು. ಚೆಂಡೆ ಶುರುವಾದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಗಣೇಶನ ಹಬ್ಬಕ್ಕೆ ಬಂದರೆ ಬೀದಿಗೊಂದು ಪೆಂಡಾಲ್, ಪೆಂಡಾಲಿಗೊಂದು ಆರ್ಕೆಸ್ಟ್ರಾ. ಸಿನಿಮಾ ಹಾಡು, ಭಾವಗೀತೆ ಇಷ್ಟಪಡುವವರಿಗೆ ರಾಮನವಮಿ ಕಚೇರಿಗಿಂತ ಇದೇ ಸರಿ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಸೆಪ್ಟೆಂಬರ್ 8ಕ್ಕೆ, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮೇರಿಯಮ್ಮನ ಹಬ್ಬ, ತೇರು. ಎಲ್ಲ ಧರ್ಮದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ. ಹೊರಗೆ ಮಳೆ, ಮಕ್ಕಳು ಜೊತೆಗಿದ್ದಾರೆ ಅಂದರೆ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂ ನೋಡಿ, 2019ರಲ್ಲಿ ತೆರೆದದ್ದು. ತಟ್ಟಿ ಬಡಿದು ನುಡಿಸುವ ವಾದ್ಯಗಳ ಒಂದು ತೋಟವೇ ಅಲ್ಲಿದೆ.

ಮಾಂಸ ತಿನ್ನುವ ನೆಂಟರಿಗೆ ಬರೀ ದೋಸೆ ತೋರಿಸಿ ಕಳಿಸಿದರೆ ಅರ್ಧ ಬೆಂಗಳೂರು ತೋರಿಸಿದ ಹಾಗೆ. ಹಳೇ ಮಿಲಿಟರಿ ಹೋಟೆಲಿಗೆ ಕರೆದುಕೊಂಡು ಹೋಗಿ. ದೊನ್ನೆ ಬಿರಿಯಾನಿ, ಕಾಲು ಸೂಪು, ಮುದ್ದೆ ಜೊತೆ ತಲೆಮಾಂಸ. ರಂಜಾನ್ ತಿಂಗಳಾದರೆ ಫ್ರೇಜರ್ ಟೌನಿನ ಮಾಸ್ಕ್ ರಸ್ತೆ, ಹಲೀಮ್, ಸಮೋಸ, ಕಲ್ಲಿನ ಮೇಲೆ ಸುಟ್ಟ ಪತ್ಥರ್ ಕಾ ಗೋಷ್ಟ್. ಉಪವಾಸ ಇದ್ದವರು ಮೊದಲು ತಿನ್ನಲಿ, ನೀವು ಇಫ್ತಾರ್ ಆದ ಒಂದು ಗಂಟೆಯ ಮೇಲೆ ಹೋಗಿ. ಎರಡರಲ್ಲಿ ಮನೆಮಂದಿಯೆಲ್ಲ ಕೂತು ತಿನ್ನಲು ಮಿಲಿಟರಿ ಹೋಟೆಲ್, ನಿಂತು ನಡೆದು ರುಚಿ ನೋಡಲು ಮಾಸ್ಕ್ ರಸ್ತೆ.

ಒಂದು ತಪ್ಪು ಮಾಡಬೇಡಿ. ಬೆಳಿಗ್ಗೆ ಮಲ್ಲೇಶ್ವರದಲ್ಲಿ ದೋಸೆ, ಮಧ್ಯಾಹ್ನ ಫ್ರೇಜರ್ ಟೌನ್, ಸಂಜೆ ಬಸವನಗುಡಿ, ರಾತ್ರಿ ಜೆ.ಪಿ. ನಗರ ಅಂತ ಹಾಕಿಕೊಂಡರೆ ನೆಂಟರು ನೋಡುವುದು ಟ್ರಾಫಿಕ್ ಮಾತ್ರ. ಒಂದು ದಿನಕ್ಕೆ ಒಂದೇ ಪೇಟೆ ಆರಿಸಿ. ಬಸವನಗುಡಿ ಅಂದರೆ ದೋಸೆ, ಬಸವಣ್ಣ, ಗವಿ ಗಂಗಾಧರೇಶ್ವರ, ಕೆ.ಆರ್. ರಸ್ತೆಯ ಗಾಯನ ಸಮಾಜದಲ್ಲಿ ಸಂಜೆ ಕಚೇರಿ. ಗಾಯನ ಸಮಾಜ ಶುರುವಾದದ್ದು 1905ರಲ್ಲಿ, ಇವತ್ತಿಗೂ ಕಚೇರಿ ನಡೆಯುತ್ತದೆ. ಮಲ್ಲೇಶ್ವರ ಅಂದರೆ ಸಿಟಿಆರ್, ಕಾಡು ಮಲ್ಲೇಶ್ವರ, ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಹಾಲ್. ಪೇಟೆ ಅಂದರೆ ಮಾರ್ಕೆಟ್ ಹೂವು, ಮಿಲಿಟರಿ ಹೋಟೆಲ್, ಧರ್ಮರಾಯನ ಗುಡಿ.

ತಾರೀಖು ಕೇಳಿದರೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ನೋಡಿಯೇ ಹೇಳಿ, ಹೋದ ವರ್ಷದ ತಾರೀಖು ನಂಬಿ ರೈಲು ಬುಕ್ ಮಾಡಿಸಬೇಡಿ. ಅಧಿಕ ಮಾಸ ಬಂದ ವರ್ಷ ಪರಿಷೆ ಡಿಸೆಂಬರಿಗೆ ಜಾರುತ್ತದೆ. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಬರುತ್ತದೆ.

ಚಿಕ್ಕಮ್ಮ ಈ ಸಲ ಚೈತ್ರಕ್ಕೆ ಬರುತ್ತೇನೆ ಅಂದಿದ್ದಾಳೆ, ಹುಣ್ಣಿಮೆ ನೋಡಿಕೊಂಡೇ ರೈಲು ಬುಕ್ ಮಾಡಿಸಿದ್ದಾಯಿತು. ಸಂಜೆ ಅವಳನ್ನು ಕೋಟೆ ಮೈದಾನದಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸುತ್ತೇನೆ. ದೇವರನಾಮ ಮುಗಿದ ಮೇಲೆ ಅವಳು ಮನೆಗೆ, ತಮ್ಮ ಮತ್ತೆ ನಾನು ಕಬ್ಬನ್‌ಪೇಟೆಯ ಆ ಜಗಲಿಗೆ. ಅವಳ ಸೆರಗಿಗೆ ಕಟ್ಟಿಕೊಡಲು ಒಂದು ಬೊಗಸೆ ಮಲ್ಲಿಗೆ ತರಬೇಕು.